ಹೆಸರಿಲ್ಲದೆ ಓದಿದ ಪುಟ

ಲಿಂಡ್‌ಕ್ವಿಸ್ಟ್ ಮೇಷ್ಟ್ರು ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳಿಂದ ಒಂದನ್ನು ಎಳೆದಾಗ ಕೊರಿನ್ ಆಗಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಹನ್ನೊಂದನೇ ತರಗತಿಯವರು ಪಾಠದ ಬಗ್ಗೆ ಬರೆದದ್ದರಲ್ಲಿ ಒಂದನ್ನು ಅವರು ಪ್ರತಿ ಶುಕ್ರವಾರ ಹೆಸರು ಹೇಳದೆ ಓದುತ್ತಿದ್ದರು. ಹೇಳುವ ಅಗತ್ಯವೂ ಇರಲಿಲ್ಲ. ಶಾಲೆ ಶುರುವಾಗಿ ಆರು ಶುಕ್ರವಾರ ಕಳೆದಿತ್ತು, ಆರೂ ಸಲ ಕೊರಿನ್‌ಳದೇ. ಈ ವಾರದ ಪಾಠ, ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದಲ್ಲಿ ಅಂದಿನ ರಾಷ್ಟ್ರಾಧ್ಯಕ್ಷರು ಮಾಡಿದ ಪುಟ್ಟ ಭಾಷಣ. ಅದಕ್ಕೆ ಅವಳು ನಾಲ್ಕು ಪುಟ ಬರೆದಿದ್ದಳು.

ಮೇಷ್ಟ್ರು ಓದಿದ್ದು ಐದೇ ಸಾಲು.

"ಎರಡು ನಿಮಿಷದಲ್ಲಿ ಮಾತು ಮುಗಿಸಿದ್ದು ನನಗೆ ಇಷ್ಟವಾಯಿತು. ನಮ್ಮಣ್ಣನನ್ನು ಮಣ್ಣು ಮಾಡಿದ ದಿನ ಸೇನೆಯವರು ನಲವತ್ತು ನಿಮಿಷ ಮಾತಾಡಿದರು. ಅಮ್ಮ ಎರವಲು ತಂದ ಶೂ ಹಾಕಿಕೊಂಡಿದ್ದಳು, ಅದು ಕಚ್ಚುತ್ತಿತ್ತು. ಏನು ಮಾತಾಡಿದರೋ ಒಂದೂ ನೆನಪಿಲ್ಲ. ಈ ಅಧ್ಯಕ್ಷರು ಎದುರಿಗೆ ನಿಂತಿದ್ದ ಅಮ್ಮಂದಿರ ಕಾಲು ನೋಡಿರಬೇಕು."

ತರಗತಿಗೆ ತರಗತಿಯೇ ಕೊನೆಯ ಸಾಲಿನ ಕಡೆ ತಿರುಗಿತು. ಅಲ್ಲಿ ಟ್ವೈಲಾ ಬ್ಯಾಸ್ಕಮ್ ಉಗುರಿನಿಂದ ಮೇಜಿನ ಅಂಚು ಕೆರೆಯುತ್ತಿದ್ದಳು. ಕಳೆದ ವರ್ಷ ಇದೇ ತರಗತಿಯಲ್ಲಿ ಫೇಲಾದವಳು. ಎರಡು ವರ್ಷದ ಹಿಂದೆ ಅವಳ ಅಣ್ಣ ರಸ್ಸೆಲ್ ಇರಾಕಿನಿಂದ ಪೆಟ್ಟಿಗೆಯಲ್ಲಿ ಬಂದಿದ್ದ. ಕೊರಿನ್ ಮೇಷ್ಟ್ರ ಮೇಜಿನ ಮೇಲೆ ಓದದೆ ಉಳಿದ ತನ್ನ ನೋಟ್‌ಬುಕ್ಕನ್ನು ನೋಡುತ್ತಾ ಕುಳಿತಳು.

ಸಂಜೆ ಅವಳನ್ನು ಕರೆದೊಯ್ಯಲು ಅಣ್ಣ ವೇಡ್ ಟ್ರಕ್ಕು ತಂದಿದ್ದ.

"ಏನೇ, ಮುಖ ಹುಳಿ ಹಿಂಡಿದಂಗಿದೆ? ಇವತ್ತು ನಿನ್ನ ಪುರಾಣ ಓದ್ಲಿಲ್ವಾ ನಿಮ್ಮ ಮೇಷ್ಟ್ರು?"

"ಟ್ವೈಲಾದು ಓದಿದ್ರು. ನೆಟ್ಟಗೆ ಸ್ಪೆಲ್ಲಿಂಗ್ ಬರಲ್ಲ ಅವಳಿಗೆ."

"ರಸ್ಸೆಲ್ ತಂಗೀನಾ? ಪಾಪ, ಓದ್ಲಿ ಬಿಡು. ಅಷ್ಟಾದ್ರೂ ಸಿಗ್ಲಿ ಆ ಹುಡುಗಿಗೆ."

ಅವಳಿಗೇನು, ಬರೆಯೋಕೆ ಸತ್ತ ಅಣ್ಣ ಇದಾನೆ ಎಂಬ ಮಾತು ಕೊರಿನ್‌ಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಪಕ್ಕದಲ್ಲಿ ವೇಡ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ಚಿಪ್ಸ್ ಮುಕ್ಕುತ್ತಿದ್ದ. ಒಂದು ದಿನ ಜ್ವರ ಅಂತ ಮಲಗಿದವನಲ್ಲ. ಇಂಥ ಗಟ್ಟಿಮುಟ್ಟಾದ ಅಣ್ಣ ಇರುವುದೇ ತನ್ನ ಪಾಲಿನ ಕೊರತೆ ಎಂದು ಅವಳಿಗೆ ಅವತ್ತು ಅನ್ನಿಸಿತು.

ಮುಂದಿನ ವಾರದ ಪಾಠ, ಸಮುದ್ರಕ್ಕೆ ಹೋಗಿ ಹಿಂತಿರುಗದ ನಾವಿಕರ ಕಾದಂಬರಿ. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕುಳಿತು ಮೂರು ಸಲ ಬರೆದು ಮೂರು ಸಲವೂ ಹರಿದಳು. ಹಿಂಬಾಗಿಲ ಬಳಿ ಹಂದಿ ಕೊಟ್ಟಿಗೆಯ ಕೆಸರು ಮೆತ್ತಿದ ವೇಡ್‌ನ ಬೂಟುಗಳು ಬಿದ್ದಿದ್ದವು. ಒಳಗೆ ಅವನು ಸೋಫಾದಲ್ಲಿ ಕಾಲು ಚಾಚಿ ಟಿವಿಯ ಫುಟ್‌ಬಾಲ್ ಆಟಗಾರರಿಗೆ ಬೈಯುತ್ತಿದ್ದ. ಅವಳು ಬರೆದಳು: "ಅಣ್ಣ ಹೋದ ಮೇಲೂ ಅವನ ಬೂಟುಗಳು ಹಿಂಬಾಗಿಲಲ್ಲೇ ಇವೆ. ಅಮ್ಮ ನೆಲ ಒರೆಸುವಾಗ ಅವನ್ನು ಎತ್ತುವುದಿಲ್ಲ, ಸುತ್ತಲೂ ಒರೆಸುತ್ತಾಳೆ." ಆಮೇಲೆ ಕೈ ನಿಲ್ಲಲಿಲ್ಲ. ಬರೆಯುತ್ತಾ ಬರೆಯುತ್ತಾ ನಿಜವಾಗಿಯೂ ಅತ್ತಳು.

ಶುಕ್ರವಾರ ಅದನ್ನು ಓದುವಾಗ ಮೇಷ್ಟ್ರು ನಡುವೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಈ ವರ್ಷ ಬಂದವರು, ದಿನವೂ ನಲವತ್ತು ಮೈಲಿ ದೂರದ ದೆಮಾಯ್ನ್ ನಗರದಿಂದ ಓಡಾಡುವವರು. ಊರಿನ ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಅವರಿಗೆ ತಿಳಿಯದು. ಆದರೆ ಮಕ್ಕಳಿಗೆ ತಿಳಿದಿತ್ತು. ಓದು ಮುಗಿದಾಗ ಇಡೀ ತರಗತಿ ಮತ್ತೆ ಕೊನೆಯ ಸಾಲಿನ ಕಡೆ ತಿರುಗಿತು. ಒಬ್ಬಳು ಎದ್ದು ಹೋಗಿ ಟ್ವೈಲಾಳ ಭುಜ ಹಿಡಿದುಕೊಂಡಳು. ಟ್ವೈಲಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಕೊರಿನ್ ಕರಿಹಲಗೆಯನ್ನೇ ದಿಟ್ಟಿಸುತ್ತಿದ್ದಳು. ತಾನು ಈವರೆಗೆ ಬರೆದದ್ದರಲ್ಲೆಲ್ಲ ಒಳ್ಳೆಯದು ಕಣ್ಣೆದುರೇ ಟ್ವೈಲಾಳ ಪಾಲಾಗಿತ್ತು. ಎದ್ದು ನಿಂತು ನನ್ನದು ಎನ್ನುವಂತಿರಲಿಲ್ಲ. ಕೈಗೆ ಬಂದ ನೋಟ್‌ಬುಕ್ಕಿನ ಅಂಚಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ನಿನ್ನ ಅಣ್ಣನ ವಿಷಯ ಗೊತ್ತಿರಲಿಲ್ಲ. ಕ್ಷಮಿಸು, ಕೊರಿನ್."

ಗಂಟೆ ಹೊಡೆದ ಮೇಲೆ ಟ್ವೈಲಾ ಕೊರಿನ್‌ಳ ಲಾಕರ್ ಹತ್ತಿರ ಬಂದು ನಿಂತಳು.

"ಅದು ನಿಂದು ಅಲ್ವಾ?"

"ಯಾವುದು?"

"ಎಲ್ರೂ ತಿರುಗಿ ನನ್ನ ನೋಡಿದ್ರು. ನೀನೊಬ್ಬಳು ತಿರುಗ್ಲಿಲ್ಲ."

ಕೊರಿನ್ ಲಾಕರಿನ ಬೀಗ ತಿರುಗಿಸುತ್ತಲೇ ಇದ್ದಳು. ಅದು ತೆರೆಯಲಿಲ್ಲ. "ಮೇಷ್ಟ್ರಿಗೆ ಹೇಳ್ತೀಯಾ?"

"ಇಲ್ಲ. ಚೆನ್ನಾಗಿತ್ತು. ಬೂಟಿನ ವಿಷಯ ಅಂತೂ ಚೆನ್ನಾಗಿತ್ತು. ನಮ್ಮನೆಗೆ ಅವನ ಬೂಟು ಬರಲೇ ಇಲ್ಲ." ಟ್ವೈಲಾ ಪುಸ್ತಕಗಳನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ಒಂದೇ ತಪ್ಪು. ಸುದ್ದಿ ಬಂದ ದಿನವೆಲ್ಲ ರೂಮಿನ ಬಾಗಿಲು ಹಾಕ್ಕೊಂಡು ಅಳ್ತಿದ್ದೆ ಅಂತ ಬರ್ದಿದೀಯಲ್ಲ. ಹಾಗೆ ಅಳೋಕೆ ಬಿಡಲ್ಲ ಕಣೇ. ಊರೆಲ್ಲ ಬರುತ್ತೆ. ಅಮ್ಮ ಎದ್ದೇಳಲ್ಲ. ಬಂದೋರಿಗೆಲ್ಲ ಕಾಫಿ ತಂಗೀನೇ ಮಾಡ್ಬೇಕು."