ಮೇಲಿನ ಮನೆಯ ನಗು

ಲೋಟದ ಬಾಯಿಯನ್ನು ಚಾವಣಿಗೆ ಒತ್ತಿ, ತಳಕ್ಕೆ ಕಿವಿಯಿಟ್ಟು, ಅವನು ಊಟದ ಮೇಜಿನ ಮೇಲೆ ತುದಿಗಾಲಲ್ಲಿ ನಿಂತಿದ್ದ.

ಮೇಲಿನ ಮನೆಯಲ್ಲಿ ಮತ್ತೆ ಶುರುವಾಗಿತ್ತು. ಮೊದಲು ಟೀವಿಯಲ್ಲಿ ಏನೋ ದಬಾರನೆ ಬಿತ್ತು. ಟೀವಿಯೊಳಗಿನ ನೂರು ಜನ ನಕ್ಕರು. ಆ ಮನೆಯ ಮೇಷ್ಟ್ರು ಖೊಕ್ಕೆಂದರು. ಕೊನೆಗೆ, ಎಲ್ಲರನ್ನೂ ಹಿಂದೆ ಹಾಕಿ, ಒಬ್ಬ ಹೆಂಗಸು. ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿದಂಥ ನಗು. ನಡುನಡುವೆ ಉಸಿರು ಸಿಗದೆ ಗೊರ್ ಎನ್ನುತ್ತಿತ್ತು.

ಮೇಷ್ಟ್ರಿಗೆ ಮದುವೆಯಾಗಿರಲಿಲ್ಲ. ಆ ಮನೆಯಲ್ಲಿದ್ದ ಒಂದೇ ಹೆಣ್ಣುಜೀವ ಎಂದರೆ ಎಂಬತ್ತು ದಾಟಿದ ಅವರ ಅಕ್ಕ. ಅಜ್ಜಿಯ ನಗು ಇವನಿಗೆ ಗೊತ್ತಿತ್ತು. ಅದು ಬೀಡಿ ಸೇದುವವರ ಕೆಮ್ಮಿನ ಹಾಗಿತ್ತು. ಹಾಗಾದರೆ ಇದು ಯಾರದು?

ಕಿವಿ ಪರೀಕ್ಷೆ ಅವನ ಕಸುಬು. ಜನರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಹೇಳುತ್ತಲೇ ಇಪ್ಪತ್ತೆಂಟು ವರ್ಷ ಕಳೆದಿದ್ದ. ಕಟ್ಟಡದವರು 'ಕಿವಿ ಡಾಕ್ಟರು' ಎಂದು ಕರೆದರೆ, ಡಾಕ್ಟರಲ್ಲ ಎಂದು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಕೆಮ್ಮು ಕೇಳಿಯೇ ಇಪ್ಪತ್ತು ಮನೆಯವರನ್ನೂ ಗುರುತಿಸಬಲ್ಲೆ ಎಂದು ಅವನಿಗೆ ಜಂಬ. ಈ ನಗು ಮಾತ್ರ ಅವನ ಪಟ್ಟಿಯಲ್ಲಿರಲಿಲ್ಲ. ಅದೂ ಅವನು ಕಟ್ಟಡದ ಸಂಘದ ಕಾರ್ಯದರ್ಶಿಯಾಗಿರುವಾಗ!

"ಮೇಜಿನ ಮೇಲೆ ಏನು ಮಾಡ್ತಿದ್ದೀರಿ?"

ಮೇಲೆ ಟೀವಿ ನಿಂತು ಸ್ವಲ್ಪ ಹೊತ್ತಾಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮೊಣಕಾಲಿಗೆ ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದರು. ದಿನಾ ಸಂಜೆ ಅವಳು "ಮೇಲೆ ಹೋಗಿ ಬರ್ತೀನಿ" ಅನ್ನುವುದು, ಅವನು ಪೇಪರಿನ ಹಿಂದಿನಿಂದ "ಹೂಂ" ಅನ್ನುವುದು ರೂಢಿಯಾಗಿತ್ತು. ಅವಳ ಮುಖ ಕೆಂಪೇರಿತ್ತು. ಟೆರೇಸಿನಲ್ಲಿ ಡಿಸೆಂಬರಿನ ಗಾಳಿ ಜೋರಿರಬೇಕು ಎಂದುಕೊಂಡ.

"ಬಲ್ಬು ನೋಡ್ತಿದ್ದೆ," ಎನ್ನುತ್ತ ಇಳಿದ. "ಒಂದು ದೂರು ಬರೀಬೇಕು. ನಿನ್ನ ಅಕ್ಷರ ಚೆನ್ನಾಗಿದೆ, ಕೂತ್ಕೋ."

"ಏನಂತ ಬರೀಲಿ?"

"ಮೇಷ್ಟ್ರ ಮನೇಲಿ ಸಂಜೆ ಹೊತ್ತು ಹೆಂಗಸೊಬ್ಬಳು ವಿಪರೀತ ನಗ್ತಾಳೆ ಅಂತ."

ಅವಳು ಪೆನ್ನಿನ ಮುಚ್ಚಳ ತೆಗೆದಳು. "ವಿಪರೀತ ಅನ್ನೋದು ಬೇಕಾ?"

"ಬೇಕು. ಮರ್ಯಾದಸ್ಥರ ಮನೆ ಹೆಂಗಸರು ಹಾಗೆ ನಗಲ್ಲ ಅಂತಾನೂ ಸೇರಿಸು."

"ಅದು ನಿಜ," ಎಂದಳು ಬರೆಯುತ್ತಲೇ. "ಮರ್ಯಾದಸ್ಥರ ಮನೇಲಿ ನಗೋಕೆ ಎಲ್ಲಾಗುತ್ತೆ."

ಹೆಂಡತಿಗೆ ಇಷ್ಟಾದರೂ ತಿಳಿವಳಿಕೆ ಇದೆಯಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಮರುದಿನ ಕಿವಿ ಪರೀಕ್ಷೆಯ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಿಸೆಂಬರ್ ಬಂತೆಂದರೆ ಊರಿನ ಕಿವಿಗಳೆಲ್ಲ ಒಟ್ಟಿಗೆ ಕಟ್ಟಿಕೊಳ್ಳುತ್ತವೆ. ನಿವೃತ್ತ ಗುಮಾಸ್ತರೊಬ್ಬರು, ಎಲ್ಲಿ ಫೇಲಾಗುತ್ತೇನೋ ಎಂಬ ಭಯಕ್ಕೆ, ಸದ್ದಿಲ್ಲದಾಗಲೂ ಗುಂಡಿ ಒತ್ತುತ್ತಲೇ ಇದ್ದರು. ಇನ್ನೊಬ್ಬರು ಗಾಜಿನ ಕೋಣೆಯ ಮೌನಕ್ಕೆ ಗೊರಕೆ ಹೊಡೆದರು. ಹನ್ನೊಂದಕ್ಕೆ ಮೇಷ್ಟ್ರ ಅಕ್ಕ ಬಂದರು, ಕಿವಿಯ ಯಂತ್ರ ಸರಿಮಾಡಿಸಲು. ಅವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

"ಅಜ್ಜೀ, ಸಂಜೆ ನಿಮ್ಮ ಮನೇಲಿ ನಗೋಳು ಯಾರು?"

"ಮಗಳಾ? ನನಗೆಲ್ಲಪ್ಪ ಮಗಳು?"

"ಮಗಳಲ್ಲ. ನಗೋಳು!" ಹೊರಗೆ ಕಾಯುತ್ತಿದ್ದವರಲ್ಲಿ ಕಿವಿ ಕೇಳಿಸದವರೂ ತಿರುಗಿ ನೋಡಿದರು. "ಟೀವಿ ನೋಡ್ತಾ ನಗ್ತಾಳಲ್ಲ, ಅವಳು!"

"ಓ, ಆ ಹುಡುಗೀನಾ! ಚಿನ್ನದಂಥೋಳು. ನನ್ನ ತಮ್ಮ ಹಳೇ ಕಾಮಿಡಿ ಹಾಕಿದ್ರೆ ಬಿದ್ದು ಬಿದ್ದು ನಗ್ತಾಳೆ. ನನಗೆ ಮಾತು ಒಂದೂ ತಿಳಿಯಲ್ಲ, ಅವಳ ಮುಖ ನೋಡಿ ನಾನೂ ನಗ್ತೀನಿ. ಪಾಪ, ಅವರ ಮನೇಲಿ ಸ್ಮಶಾನ ಮೌನವಂತೆ."

ಹುಡುಗಿ! ಅವನ ಬೆರಳು ತಿರುಪನ್ನು ಒಂದು ಸುತ್ತು ಹೆಚ್ಚಿಗೆ ತಿರುಗಿಸಿಬಿಟ್ಟಿತು. ಅಜ್ಜಿ ಬೆಚ್ಚಿಬಿದ್ದರು.

"ಈಗ ನಿನ್ನ ಮಾತು ಚೆನ್ನಾಗಿ ಕೇಳ್ಸುತ್ತೆ ಕಣಪ್ಪ," ಎಂದರು. "ಬೇಡ ಅಂದಾಗ ಬಂದ್ ಮಾಡಬಹುದು ತಾನೇ?"

ಮಧ್ಯಾಹ್ನದೊಳಗೆ ಅವನು ತೀರ್ಪು ಕೊಟ್ಟಾಗಿತ್ತು. ಐದನೇ ಮಹಡಿಗೆ ಹೊಸದಾಗಿ ಬಂದ ಬ್ಯಾಂಕಿನ ಹುಡುಗಿ. ಒಂಟಿ. ಕತ್ತರಿಸಿದ ಕೂದಲು. ಸಂಘದ ಸಭೆಗೆ ಒಮ್ಮೆಯೂ ಬಂದವಳಲ್ಲ. ಅರವತ್ತೈದರ ಮೇಷ್ಟ್ರಿಗೆ ನಾಚಿಕೆಯಾದರೂ ಬೇಡವೇ? ಉಳಿದ ಎಂಟು ಕಿವಿಗಳನ್ನು ಅವನು ಅರ್ಧ ಗಂಟೆಯಲ್ಲಿ ಮುಗಿಸಿದ.

ಸಂಜೆ ಮನೆಗೆ ಬಂದಾಗ ಬೀಗ ಹಾಕಿತ್ತು. ತನ್ನ ಕೀಲಿಯಿಂದ ತೆಗೆದು ಒಳಗೆ ಹೋದ. ಚೀಲ ಇಡುವಷ್ಟರಲ್ಲಿ ಮೇಲೆ ದಬಾರ್, ನೂರು ಜನ, ಮೇಷ್ಟ್ರು, ಆಮೇಲೆ ಅವಳು. ದೂರಿನ ಹಾಳೆ ಜೇಬಿಗಿಳಿಸಿ ಮೆಟ್ಟಿಲು ಹತ್ತಿದ. ಇವತ್ತು ಅವಳು ಸಿಕ್ಕಿಬೀಳಲೇಬೇಕು.

ಹಿಂದೆ ಹೆಜ್ಜೆ ಸದ್ದಾಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು ಬ್ಯಾಂಕಿನ ಹುಡುಗಿ ಏದುಸಿರು ಬಿಡುತ್ತ ಹತ್ತಿಬರುತ್ತಿದ್ದಳು. ಅವನು ಅವಳನ್ನೊಮ್ಮೆ, ಮೇಲಿನ ಮೆಟ್ಟಿಲನ್ನೊಮ್ಮೆ ನೋಡಿದ. ಮೇಲೆ ನಗು ಇನ್ನೂ ಉರುಳುತ್ತಲೇ ಇತ್ತು.

"ಕೇಳಿದ್ರಾ ಅಂಕಲ್?" ಎಂದಳು ಅವಳು. "ದಿನಾ ಸುಸ್ತಾಗಿ ಬರೋವಾಗ ಆ ನಗು ಕೇಳಿದ್ರೆ ಉಳಿದ ಮಹಡಿ ಹತ್ತೋದೇ ಗೊತ್ತಾಗಲ್ಲ. ಎಷ್ಟು ಪುಣ್ಯವಂತರ ಮನೆಯವರೋ!"

ಅವಳು ಅವನನ್ನು ದಾಟಿಕೊಂಡು ಹೋದಳು. ಮೇಲೆ ಐದನೇ ಮಹಡಿಯ ಬಾಗಿಲು ಮುಚ್ಚಿದ ಸದ್ದಾಯಿತು. ನಾಲ್ಕನೆಯದರಲ್ಲಿ ಮೇಷ್ಟ್ರ ಮನೆಯ ಬಾಗಿಲು ಓರೆಯಾಗಿತ್ತು. ಅವನು ಗಂಟೆ ಒತ್ತಲಿಲ್ಲ. ಕಾರ್ಯದರ್ಶಿಗೆ ಗಂಟೆ ಯಾಕೆ? ತಳ್ಳಿದ.

ಕಪ್ಪು ಬಿಳುಪು ಪರದೆಯಲ್ಲಿ ದಪ್ಪನೆಯ ಮನೆ ಮಾಲೀಕನೊಬ್ಬ ಬೀರುವಿನೊಳಗೆ ಸಿಕ್ಕಿಹಾಕಿಕೊಂಡಿದ್ದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಜ್ಜಿ ತೊಡೆ ತಟ್ಟುತ್ತಿದ್ದರು. ಇಬ್ಬರ ನಡುವೆ, ಬಾಗಿಲಿಗೆ ಬೆನ್ನು ಮಾಡಿ, ಕಾಲು ಮಡಚಿ ಸೋಫಾದ ಮೇಲೆ ಕೂತಿದ್ದ ಹೆಂಗಸು ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ, ಹಿಂದಕ್ಕೆ ವಾಲಿ, ಗೊರ್ ಎಂದು ಉಸಿರೆಳೆದು, ಮತ್ತೆ ಶುರುಮಾಡಿದಳು.

"ನಿಲ್ಲಿಸಿ!" ಎಂದು ಅವನು ಕೂಗಿದ.

ಅವಳು ತಿರುಗಿದಳು. ನಗು ನಿಂತುಹೋಯಿತು.

ಅವನ ಹೆಂಡತಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನಗುವುದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.