ನಟ್ಟಿನ ಮೇಲಿನ ಕೆಂಪು ಗೆರೆ

ತಿರುವಿನ ಮಧ್ಯದಲ್ಲಿ ಕಾರು ಮತ್ತೆ ಬುಗುರಿಯ ಹಾಗೆ ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಬಂಪರಿನ ಕೆಳಗೆ, ದಾರಿ ಗುರುತಿಗೆ ಇಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನೊಂದು ಸಿಕ್ಕಿಕೊಂಡಿತ್ತು. ಸ್ಟೀರಿಂಗ್ ಹಿಡಿದ ಸೊಸೆ ಎದುರಿನ ಖಾಲಿ ಮೈದಾನವನ್ನೇ ನೋಡುತ್ತ ಕೂತಿದ್ದಳು. ಬೇಲಿಯ ಪಕ್ಕ ಮಡಿಸುವ ಕುರ್ಚಿಯಲ್ಲಿದ್ದ ಮಾವ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ಅರ್ಧಕ್ಕೇ ನಿಲ್ಲಿಸಿದರು.

ಸಾಲು ಕೋನುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ ಸಮಯ ನೋಡುವ ಹವ್ಯಾಸಿಗಳ ಆಟ ಅದು. ಸಮಯ ನೋಡುವವನು ಅವಳ ಗಂಡನ ಗೆಳೆಯ. ಎಲ್ಲರ ಬಾಯಲ್ಲೂ ಅವನ ಹೆಸರು 'ಗಡಿಯಾರ'. ಅವನು ಬಂದು ಕೋನನ್ನು ಎಳೆದು ತೆಗೆದ. "ಅತ್ತಿಗೆ, ಇದನ್ನ ನೀವೇ ಮನೆಗೆ ಕರ್ಕೊಂಡು ಹೋಗಿಬಿಡಿ. ನಿಮ್ಮನ್ನ ಬಿಟ್ಟಿರೋ ಹಾಗೆ ಕಾಣಲ್ಲ," ಎಂದ. ಅವಳು ನಗಲಿಲ್ಲ. ಊಟದ ಬಿಡುವಾದ ಮೇಲೆ ತನಗೆ ಇನ್ನೊಂದು ಸುತ್ತು ಇದೆ, ಅದರಲ್ಲೂ ಹೀಗೇ ಆದರೆ ಕಾರಿಗೆ ಹೊದಿಕೆ ಹಾಕಿ ಶೆಡ್ಡಿಗೆ ಬೀಗ ಜಡಿಯುತ್ತೇನೆ ಎಂದಳು. ತಮಾಷೆಗೆ ಹೇಳಿದ್ದಲ್ಲ ಎಂಬುದು ಗಡಿಯಾರನಿಗೂ ತಿಳಿಯಿತು.

ಕಾರು ಗಂಡನದು. ಅವನು ಹೋದದ್ದು ಕಾರಿನಲ್ಲಲ್ಲ. ಜ್ವರ ಬಂದು, ಆಸ್ಪತ್ರೆಯ ಮಂಚದ ಮೇಲೆ. ಆಮೇಲೆ ಅವಳು ಶೆಡ್ಡು ಸೇರಿದಳು. ಓದಿ ಕಲಿತಳು, ಕೈ ಸುಟ್ಟುಕೊಂಡು ಕಲಿತಳು. ಗಟ್ಟಿ ಸ್ಪ್ರಿಂಗ್ ತೆಗೆದು ಮೆತ್ತನೆಯದನ್ನು ಕೂರಿಸಿದಳು. ಶಾಕ್ ಅಬ್ಸಾರ್ಬರ್ ಬದಲಾಯಿಸಿದಳು. ಕಾರು ಪಕ್ಕಕ್ಕೆ ವಾಲದಂತೆ ಹಿಂದೆ ಹಿಡಿದಿಡುವ ದಪ್ಪ ಸರಳಿನ ಜಾಗಕ್ಕೆ ಸಪೂರದ್ದು ಬಂತು. ಟೈರಿನ ಗಾಳಿ ಏರಿಸಿದಳು, ಇಳಿಸಿದಳು. ಕಾರು ಸುತ್ತುವುದು ಮಾತ್ರ ನಿಲ್ಲಲಿಲ್ಲ.

ಮಾವ ಎದ್ದು ಬಂದು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತರು. ಅಂಗಡಿ ಮುಚ್ಚುವವರೆಗೂ ಟೈಲರ್ ಆಗಿದ್ದವರು; ಅಳತೆಯ ಟೇಪು ಈಗಲೂ ಜೇಬಿನಲ್ಲೇ ಇರುತ್ತಿತ್ತು. ಚಕ್ರದ ಹಿಂದೆ, ಅದರ ದಿಕ್ಕನ್ನು ಹಿಡಿದಿಡುವ ನಟ್ಟಿನ ಮೇಲೆ, ಒಂದು ಕೆಂಪು ಗೆರೆ ಇತ್ತು. ಮಗ ನಟ್ಟು ಬಿಗಿದ ಮೇಲೆ ಪಕ್ಕದ ಕಬ್ಬಿಣಕ್ಕೂ ತಾಗುವಂತೆ ಹೀಗೆ ಗೆರೆ ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ಕದಲಿದರೂ ಗೆರೆ ಮುರಿದು ಗುಟ್ಟು ಹೇಳಿಬಿಡುತ್ತಿತ್ತು. ಬಣ್ಣ ಹೆಂಡತಿಯ ನೇಲ್ ಪಾಲಿಷ್, ಕೇಳದೆ ತಂದದ್ದು.

"ಎಲ್ಲಾ ಬಿಚ್ಚಿದೀಯ. ಇದೊಂದನ್ನ ಯಾಕಮ್ಮ ಮುಟ್ಟಿಲ್ಲ?"

ಅವಳು ನಿಧಾನವಾಗಿ ವಿವರಿಸಿದಳು. ಹಿಂದಿನ ಎರಡೂ ಚಕ್ರಗಳ ಮೂತಿ ತುಸು ಹೊರಕ್ಕೆ ತಿರುಗಿರುವಂತೆ ನಿಮ್ಮ ಮಗ ಕೂರಿಸಿದ್ದಾರೆ. ಹಾಗಿದ್ದರೆ ಕಾರು ತಿರುವಿನಲ್ಲಿ ಚುರುಕಾಗಿ ತಿರುಗುತ್ತದೆ, ಆದರೆ ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಹಿಂಭಾಗ ಜಾರಿ ಮುಂದಕ್ಕೇ ಬರುತ್ತದೆ. ಅವರು ಎತ್ತುತ್ತಿರಲಿಲ್ಲ, ನಾನು ಎತ್ತುತ್ತೇನೆ.

"ಅಂದ್ರೆ ತೊಂದರೆ ಎಲ್ಲಿದೆ ಅಂತ ನಿಂಗೆ ಮೊದಲೇ ಗೊತ್ತಿತ್ತು."

"ನೀವು ದಿನಾ ಬೆಳಿಗ್ಗೆ ಶೆಡ್ಡಿಗೆ ಬಂದು ಆ ಗೆರೆ ನೋಡ್ಕೊಂಡು ಹೋಗ್ತಿದ್ರಿ, ಮಾವ."

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ನೀನು ಇವತ್ತಾದ್ರೂ ಮುರಿದಿದೀಯಾ ಅಂತ ನೋಡ್ತಿದ್ದೆ ಕಣಮ್ಮ," ಎಂದರು. ಆಮೇಲೆ, "ಅಣ್ಣನ ಅಂಗಿ ಬಿಚ್ಚಿ ತಮ್ಮನಿಗೆ, ಗಂಡನ ಕೋಟು ಬಿಚ್ಚಿ ಹೆಂಡತಿಗೆ, ಜೀವಮಾನವೆಲ್ಲ ಅದನ್ನೇ ಮಾಡಿದೀನಿ. ಹೊಲಿಗೆ ಬಿಚ್ಚಿದೆ ಅಂತ ಯಾರೂ ಜಗಳಕ್ಕೆ ಬಂದಿಲ್ಲ. ಹತ್ತು, ಸೀಟಲ್ಲಿ ಕೂತ್ಕೋ."

ಓಡಿಸುವವರ ಭಾರ ಸೀಟಿನ ಮೇಲೆ ಇರುವಾಗಲೇ ಚಕ್ರದ ಅಳತೆ ತೆಗೆಯಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದವಳು ಅವಳೇ. ಗಂಡ ಮೈಕಟ್ಟಿನಲ್ಲಿ ಅವಳ ಎರಡರಷ್ಟಿದ್ದ. ಅವಳು ಹತ್ತಿ ಕೂತಳು. ಗಡಿಯಾರ ಆಚೆ ಚಕ್ರದ ಬಳಿ ಟೇಪಿನ ತುದಿ ಹಿಡಿದ. ಚಕ್ರಗಳ ಹಿಂದಿನ ಅಂಚುಗಳ ನಡುವಿನ ಅಂತರಕ್ಕಿಂತ ಮುಂದಿನ ಅಂಚುಗಳ ನಡುವಿನದು ಒಂದು ನೂಲಿನಷ್ಟು ಕಡಿಮೆ ಬರಬೇಕು ಎಂದು ಅವಳು ಕಿಟಕಿಯಿಂದ ಹೇಳಿದಳು. ಮಾವ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟರು. ನಟ್ಟು ಜಗ್ಗಲಿಲ್ಲ. ಇನ್ನೊಮ್ಮೆ ಬಿಟ್ಟರು. ಟಕ್ ಎಂದಿತು. ಸೀಟಿನಲ್ಲಿದ್ದವಳಿಗೆ ಆ ಸದ್ದು ಬೆನ್ನಿನಲ್ಲಿ ಕೇಳಿಸಿತು. ಮಾವ ಆಚೆ ಚಕ್ರದ ನಟ್ಟನ್ನೂ ಸಡಿಲಿಸಿ, ಅವಳು ಹೇಳಿದ ಅಳತೆ ಬಂದ ಮೇಲೆ ಎರಡನ್ನೂ ಬಿಗಿದರು.

ಮಧ್ಯಾಹ್ನದ ಸುತ್ತಿನಲ್ಲಿ, ಅದೇ ತಿರುವಿನಲ್ಲಿ, ಅವಳು ಕಾಲು ಎತ್ತಿದ್ದು ಎಂಜಿನ್ನಿನ ದನಿಯಲ್ಲೇ ಮಾವನಿಗೆ ತಿಳಿಯಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. ಕಾರಿನ ಹಿಂಭಾಗ ಒಮ್ಮೆ ತುಯ್ದಿತು, ಸಾವರಿಸಿಕೊಂಡಿತು, ಕತ್ತರಿ ಬಟ್ಟೆಯಲ್ಲಿ ಸಾಗುವ ಹಾಗೆ ಕೋನುಗಳ ನಡುವೆ ಸಾಗಿಹೋಯಿತು. ಯಾವಾಗಲೂ ಸಮಯವನ್ನು ಕೂಗಿ ಹೇಳುತ್ತಿದ್ದ ಗಡಿಯಾರ ಈ ಸಲ ನಡೆದುಕೊಂಡೇ ಬಂದ. "ಅವನಿಗಿಂತ ನಿಧಾನ, ಅತ್ತಿಗೆ," ಎಂದ. "ಆದ್ರೆ ಒಂದು ಕೋನೂ ಅಲುಗಿಲ್ಲ. ಅವನು ಓಡಿಸಿದ ಮೇಲೆ ಕೋನುಗಳೆಲ್ಲ ನೆಟ್ಟಗೆ ನಿಂತಿದ್ದು ನಾನಂತೂ ನೋಡಿಲ್ಲ."

ಸಾಮಾನಿನ ಡಬ್ಬಿಯ ತಳದಲ್ಲಿ ಆ ಪುಟ್ಟ ಬಾಟಲಿ ಇನ್ನೂ ಇತ್ತು. ಪಾಲಿಷ್ ಗಟ್ಟಿಯಾಗಿದ್ದರೂ ಬ್ರಷ್ಷಿಗೆ ಹತ್ತಿತು. ಹಳೆಯ ಗೆರೆಯ ಅರ್ಧ ನಟ್ಟಿನ ಮೇಲೆ, ಅರ್ಧ ಕಬ್ಬಿಣದ ಮೇಲೆ, ಒಂದಕ್ಕೊಂದು ದೂರವಾಗಿ ನಿಂತಿದ್ದವು. ಹೊಸದು ಎಳೆಯುವಾಗ ಹಳೆಯದನ್ನು ಅಳಿಸುವುದು ರೂಢಿ. ಅವಳು ಬಟ್ಟೆ ತೆಗೆದುಕೊಂಡಳು. "ಅದು ಇರಲಿ ಬಿಡು," ಎಂದರು ಮಾವ. ಅವಳು ಬಟ್ಟೆ ಕೆಳಗಿಟ್ಟು, ಪಕ್ಕದಲ್ಲಿ ತನ್ನ ಗೆರೆ ಎಳೆದಳು.

ಮಾವ ಬಗ್ಗಿ, ಹಸಿ ಬಣ್ಣದ ಮೇಲೆ ಮೆಲ್ಲಗೆ ಉಫ್ ಎಂದು ಊದಿದರು.