ಒಂದೇ ಸಲದ ಮಿಷನ್ನು

"ಕರುಳಿನ ಗಡ್ಡೆ ತೆಗೆದ ಮೇಲೆ ಎರಡು ತುದೀನೂ ಜೋಡಿಸಬೇಕಮ್ಮ. ಕೈಯಲ್ಲಿ ಹೊಲಿದರೆ ಸರ್ಕಾರದ ಕಾರ್ಡಿನಲ್ಲೇ ಆಗುತ್ತೆ. ಪಿನ್ನು ಹೊಡೆದು ಜೋಡಿಸೋ ಹೊಸ ಮಿಷನ್ನೂ ಬಂದಿದೆ. ಅದರ ದುಡ್ಡು ಮಾತ್ರ ನೀವೇ ಕೊಡಬೇಕು," ಅಂದರು ಬಂಗಾರಪೇಟೆಯ ನರ್ಸಿಂಗ್ ಹೋಮಿನ ಡಾಕ್ಟರ್ ಕಾಂತರಾಜ್.

"ಯಾವ್ದು ಒಳ್ಳೇದು ಡಾಕ್ಟ್ರೇ?" ಅಂದಳು ಸೊಣ್ಣಪ್ಪನ ಹೆಂಡತಿ ಅನಸೂಯಮ್ಮ.

"ಎರಡೂ ಒಳ್ಳೇದೇ. ಮಿಷನ್ನಿನಲ್ಲಿ ಸೋರೋ ಭಯ ಸ್ವಲ್ಪ ಕಮ್ಮಿ ಅಂತಾರೆ."

ಗಂಡನ ಪ್ರಾಣದ ವಿಷಯದಲ್ಲಿ 'ಸ್ವಲ್ಪ' ಅನ್ನುವ ಮಾತು ಯಾವ ಹೆಂಡತಿಗೂ ಸ್ವಲ್ಪವಾಗಿ ಕೇಳಿಸುವುದಿಲ್ಲ. ಮನೆಯಲ್ಲಿ ಹಾಲು ಕರೆಯುವ ಹಸು ಇದ್ದದ್ದು ಒಂದೇ. ಊರಲ್ಲಿ ಯಾರಿಗೂ ಗೊತ್ತಾಗದಂತೆ ಅಣ್ಣನ ಕೈಲಿ ಅದನ್ನು ಬೇತಮಂಗಲದ ದಲ್ಲಾಳಿಗೆ ಮಾರಿಸಿದಳು. ಹೊಟ್ಟೆ ಉರಿಯಿತು, ನಿಜ. ಆದರೆ ಅವಳು ಲೆಕ್ಕ ತಪ್ಪುವ ಹೆಂಗಸಲ್ಲ. ಅವರ ಊರಲ್ಲಿ ಔಷಧಿ ಹೊಡೆಯುವ ಮಿಷನ್ನೋ ಮೇವು ಕತ್ತರಿಸುವ ಮಿಷನ್ನೋ ಯಾರು ತಂದರೂ, ಅದು ಬೀದಿಗೆಲ್ಲ ಬಾಡಿಗೆಗೆ ಓಡಾಡಿ ಹಾಕಿದ ದುಡ್ಡು ಎತ್ತಿಕೊಡುತ್ತಿತ್ತು. ಕರುಳೇನು ಸೊಣ್ಣಪ್ಪನೊಬ್ಬನಿಗೇ ಇದೆಯೇ?

ಮೊದಲ ಗಿರಾಕಿ ಪಕ್ಕದ ಮಂಚದಲ್ಲೇ ಇದ್ದ. ಅದೇ ಊರಿನ ಕೂಲಿ ಮುನಿಶಾಮಿ. ಅವನಿಗೂ ಅದೇ ಕಾಯಿಲೆ, ಸೊಣ್ಣಪ್ಪನದಾದ ಮಾರನೇ ದಿನ ಆಪರೇಷನ್.

"ನಮ್ದು ಮುಗೀತಿದ್ದಂಗೆ ನಿಮ್ಮೋರ್ಗೆ ಕೊಡ್ತೀನಿ. ನಿನ್ನತ್ರ ಬಾಡಿಗೆ ಈಸ್ಕೊಂತೀನಾ?" ಅಂದಳು ಅವನ ಹೆಂಡತಿ ನರಸಮ್ಮನಿಗೆ. ನರಸಮ್ಮ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಸೊಣ್ಣಪ್ಪನ ಆಪರೇಷನ್ ಸಲೀಸಾಗಿ ಮುಗಿಯಿತು. ಅನಸೂಯಮ್ಮ ಒಗೆದ ಬಟ್ಟೆಚೀಲ ಹಿಡಿದುಕೊಂಡು ಥಿಯೇಟರಿನ ಬಾಗಿಲಿಗೆ ಹೋದಳು.

"ಎಲ್ಲಮ್ಮಾ ನಮ್ ಮಿಷನ್ನು?"

ನರ್ಸ್ ಸೆಲ್ವಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. "ಅಯ್ಯೋ, ಅದು ಒಂದೇ ಸಲಕ್ಕೆ ಅಕ್ಕಾ. ಆಗ್ಲೇ ಕಸಕ್ಕೆ ಹಾಕ್ಬಿಟ್ವಿ."

"ಒಂದೇ ಸಲಕ್ಕಾ? ಅದಕ್ಕೋಸ್ಕರ ಮಾರಿದ ಅಸು ವರ್ಷಾವರ್ಷ ಕರು ಹಾಕ್ತಿತ್ತಲ್ಲಮ್ಮಾ!"

ಮುನಿಶಾಮಿಯ ಕರುಳನ್ನು ಡಾಕ್ಟರು ಕೈಯಲ್ಲೇ ಹೊಲಿದರು. ನರಸಮ್ಮ ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತಳು. ದೇವರುಗಳಿಗೆ ಹೆಚ್ಚು ಕೆಲಸವೇನೂ ಬೀಳಲಿಲ್ಲ. ಎರಡು ಕರುಳೂ ಸೋರಲಿಲ್ಲ, ಇಬ್ಬರಿಗೂ ಒಂದೇ ದಿನ ಮನೆಗೆ ಹೋಗಲು ಅಪ್ಪಣೆಯಾಯಿತು.

"ಖಾರ ಬೇಡ. ಮೊಸರನ್ನ, ಮಜ್ಜಿಗೆ ಚೆನ್ನಾಗಿ ಕೊಡಿ," ಅಂದರು ಡಾಕ್ಟರು ಹೆಂಗಸರಿಬ್ಬರಿಗೂ.

ನರಸಮ್ಮನ ಮುಖ ಅರಳಿತು. "ಮಜ್ಜಿಗೇಗೇನು ಬರ ಡಾಕ್ಟ್ರೇ, ನಮ್ಮ ಅಕ್ಕನ ಮನೆ ಐತಲ್ಲ. ಒಂದಿನಾನೂ ಇಲ್ಲ ಅಂದೋರಲ್ಲ." ಆಮೇಲೆ ಅನಸೂಯಮ್ಮನ ಕಡೆ ತಿರುಗಿದಳು. "ಬೆಳಿಗ್ಗೇನೇ ಚೊಂಬು ತಗೊಂಡು ಬತ್ತೀನಕ್ಕಾ."

"ಬಾರಮ್ಮ," ಅಂದಳು ಅನಸೂಯಮ್ಮ. "ನಾನೂ ಒಂದು ಚೊಂಬು ತಗೊಂಡು ನಿಂತಿರ್ತೀನಿ. ಯಾರ ಮನೆಗೆ ಓಗೋದು ಅಂತ ಇಬ್ರೂ ಸೇರಿ ನೋಡೋಣ."